ಡಬ್ಬಿಯೊಳಗೆ ಮಳೆ ಬರುತ್ತದೆ, ಬಾವಿ ಮಾತ್ರ ಇಲ್ಲ

ಉಡುಪಿಯ ಆಟಿಕೆ ಅಂಗಡಿಯೊಂದರಲ್ಲಿ 640 ರೂಪಾಯಿ ಕೊಟ್ಟು ತಂದ ಜಲಚಕ್ರದ ಮಾದರಿ ಕಿಟ್ ಇದು. ಹಿರಿಯಡ್ಕದ ಬದಿಯ ಸರಕಾರಿ ಶಾಲೆಯಲ್ಲಿ ನಾನು ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಬೇಸಗೆಯಲ್ಲೂ ಮಳೆಗಾಲದಲ್ಲೂ ಅವರ ನಡುವೆ ಇಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ. ಕೊಳ್ಳಬಹುದೇ ಎಂದರೆ ಕೊಳ್ಳಬಹುದು. ಆದರೆ ಅದರಲ್ಲಿರುವುದು ಅರ್ಧ ಜಲಚಕ್ರ. ನಮ್ಮ ಕರಾವಳಿಯ ಮಗುವಿಗೆ ಹೆಚ್ಚು ಬೇಕಾದ ಇನ್ನರ್ಧವನ್ನು ನೀವೇ ಸೇರಿಸಬೇಕು.

ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಒಳಗೆ ಹಸಿರು ಬಣ್ಣದ ಗುಡ್ಡ, ಗುಡ್ಡದಿಂದ ಇಳಿಯುವ ನದಿಯ ಗೀರು, ಕೆಳಗೆ ಸಮುದ್ರವೆಂಬ ತಗ್ಗು. ಮುಚ್ಚಳದಲ್ಲಿ ಮೋಡದ ಆಕಾರದ ಗುಳಿ. ಸಮುದ್ರಕ್ಕೆ ಬಿಸಿನೀರು ಹೊಯ್ದು, ಮುಚ್ಚಳ ಹಾಕಿ, ಗುಳಿಯಲ್ಲಿ ಐಸ್ ತುಂಡು ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮುಚ್ಚಳದ ಒಳಬದಿಯಲ್ಲಿ ಹನಿ ಕಟ್ಟುತ್ತದೆ. ಹನಿಗಳು ದಪ್ಪವಾಗಿ, ಒಂದಕ್ಕೊಂದು ಸೇರಿ, ಗುಡ್ಡದ ಮೇಲೆ ಬೀಳುತ್ತವೆ. ಅಲ್ಲಿಂದ ಗೀರು ಹಿಡಿದು ಮತ್ತೆ ಸಮುದ್ರಕ್ಕೆ. ಮೊದಲ ಹನಿ ಬಿದ್ದಾಗ ಮಕ್ಕಳು ಹಾಕಿದ ಬೊಬ್ಬೆಗೆ ಪಕ್ಕದ ಕೋಣೆಯ ಟೀಚರ್ ಬಂದು ಇಣುಕಿದರು. ಆ ಒಂದು ಗಳಿಗೆಗೆ ಕೊಟ್ಟ ದುಡ್ಡು ಸಾರ್ಥಕ. ಕಪ್ಪು ಹಲಗೆಯ ಮೇಲೆ ಎಷ್ಟು ಬಾಣ ಬರೆದರೂ ಆ ಸಂತೋಷ ಹುಟ್ಟುವುದಿಲ್ಲ.

ಜೊತೆಗೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿದೆ, ಅದು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಚಿತ್ರಗಳಲ್ಲಿ. ಸೂರ್ಯನ ಕೆಳಗೆ ಸಮುದ್ರ ಕೊತಕೊತ ಕುದಿಯುತ್ತಿದೆ, ಮೇಲೇಳುವ ಬಿಳಿ ಹೊಗೆಗೆ ಆವಿ ಎಂದು ಹೆಸರು ಬರೆದಿದ್ದಾರೆ. ಎರಡೂ ತಪ್ಪು. ನೀರು ಆವಿಯಾಗಲು ಕುದಿಯಲೇಬೇಕಿಲ್ಲ. ಆವಿ ಕಣ್ಣಿಗೆ ಕಾಣುವುದೂ ಇಲ್ಲ. ಬಿಳಿಯಾಗಿ ಕಾಣುವುದು ಆಗಲೇ ತಣಿದು ಸಣ್ಣ ಸಣ್ಣ ಹನಿಯಾದ ನೀರು. ಏಳು ವರ್ಷದ ಮಗುವಿಗೆ ಇಷ್ಟು ಸೂಕ್ಷ್ಮ ಯಾಕೆ ಎಂದು ಕೆಲವರು ಕೇಳುತ್ತಾರೆ. ಈಗ ತಲೆಯಲ್ಲಿ ಕೂತ ಚಿತ್ರ ಹೈಸ್ಕೂಲಿಗೆ ಹೋದರೂ ಏಳುವುದಿಲ್ಲ, ಅದಕ್ಕೇ. ನಾನು ಪುಸ್ತಿಕೆ ಬದಿಗಿಟ್ಟು, ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲೇ ಇಡಿಸುತ್ತೇನೆ. ಒಲೆಯಿಲ್ಲ, ಬಿಸಿಲಿಲ್ಲ, ನೀರು ಮಾತ್ರ ಹೋಗಿರುತ್ತದೆ. "ಎಲ್ಲಿಗೆ ಹೋಯಿತು ಟೀಚರೇ?" ಎಂದು ಅವರೇ ಕೇಳಬೇಕು, ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ.

ಮಳೆಗಾಲದಲ್ಲಿ ಬಳಸುವವರಿಗೆ ಒಂದು ಮಾತು. ನಮ್ಮ ಗಾಳಿಯಲ್ಲಿ ತೇವ ಜಾಸ್ತಿಯಾದ್ದರಿಂದ ಐಸ್ ಇಟ್ಟ ಮುಚ್ಚಳ ಹೊರಗಿನಿಂದಲೂ ಬೆವರುತ್ತದೆ. ಮುಚ್ಚಳ ತೂತಾಗಿದೆ, ಐಸಿನ ನೀರೇ ಒಳಗೆ ಸೋರುತ್ತಿದೆ ಎಂದು ಮೂರನೇ ತರಗತಿಯ ಹುಡುಗನೊಬ್ಬ ವಾದಕ್ಕೆ ನಿಂತ. ನ್ಯಾಯವಾದ ಅನುಮಾನ. ಐಸಿಗೆ ಬೀಟ್ರೂಟ್ ರಸ ಬೆರೆಸಿ ಮತ್ತೆ ಮಾಡಿದೆವು. ಗುಳಿಯಲ್ಲಿ ಕೆಂಪು ನೀರು, ಒಳಗೆ ಬಿದ್ದ ಹನಿ ಬಣ್ಣವಿಲ್ಲದ್ದು. ಅವನು ಒಪ್ಪಿದ, ತಕ್ಷಣ ಮುಂದಿನ ಪ್ರಶ್ನೆ ಹಾಕಿದ: "ಆಕಾಶದಲ್ಲಿ ಐಸ್ ಇಡುವವರು ಯಾರು?"

ಇದಕ್ಕೆ ಕಿಟ್‌ನಲ್ಲಿ ಉತ್ತರವಿಲ್ಲ, ನಮ್ಮ ಮೂಡು ದಿಕ್ಕಿನಲ್ಲಿದೆ. ಕಡಲಿನಿಂದ ತೇವ ಹೊತ್ತು ಬರುವ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಹತ್ತಲೇಬೇಕು. ಹತ್ತಿದಂತೆ ಹಿಗ್ಗಿ ತಣ್ಣಗಾಗುತ್ತದೆ, ಒಂದು ಕಿಲೋಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 6 ಡಿಗ್ರಿ. ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿದ ಮಕ್ಕಳಿಗೆ ಆ ತಂಪು ಗೊತ್ತು. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಗೆ ನಮಗಿಂತ ಎಷ್ಟೋ ಹೆಚ್ಚು ಮಳೆ ಯಾಕೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಇನ್ನು ಉಪ್ಪು. ಮಲ್ಪೆ ಕಡಲಿನ ನೀರು ಉಪ್ಪು, ಮಳೆ ಸಪ್ಪೆ, ಇದು ಹೇಗೆ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಭೂಮಿಯ ನೀರಿನಲ್ಲಿ ನೂರಕ್ಕೆ 97 ಪಾಲು ಸಮುದ್ರದಲ್ಲೇ ಇರುವಾಗ ಇದನ್ನು ಬಿಟ್ಟು ಪಾಠ ಮುಂದೆ ಹೋಗಬಾರದು. ಕಿಟ್‌ನ ಪ್ಲಾಸ್ಟಿಕ್‌ನಲ್ಲಿ ಬಿದ್ದ ನೀರನ್ನು ಮಕ್ಕಳ ಬಾಯಿಗೆ ಕೊಡಲು ನನಗೆ ಧೈರ್ಯವಿಲ್ಲ. ಅಗಲವಾದ ಸ್ಟೀಲ್ ಪಾತ್ರೆಗೆ ಕುಡಿಯುವ ನೀರು, ಅಡುಗೆ ಉಪ್ಪು ಹಾಕಿ, ನಡುವೆ ಸಣ್ಣ ಲೋಟ ಇಟ್ಟು, ಬಾಯಿಗೆ ತೊಳೆದ ಪ್ಲಾಸ್ಟಿಕ್ ಹಾಳೆ ಕಟ್ಟಿ, ಹಾಳೆಯ ಮೇಲೆ ಲೋಟದ ನೇರಕ್ಕೆ ಒಂದು ಕಲ್ಲು ಇಟ್ಟರೆ ಸಾಕು. ಬೆಳಿಗ್ಗೆ ಅಂಗಳದ ಬಿಸಿಲಿಗಿಟ್ಟರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಲೋಟದ ತಳದಲ್ಲಿ ಒಂದಿಷ್ಟು ನೀರು. ನಾಲಿಗೆಗೆ ಹಚ್ಚಿ ನೋಡಿದರೆ ಸಪ್ಪೆ. ಏನೂ ಕುದಿಯಲಿಲ್ಲ ಎಂಬುದನ್ನೂ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ.

ಈಗ ನನಗೆ ನಿಜಕ್ಕೂ ಬೇಸರ ತಂದ ಸಂಗತಿಗೆ ಬರುತ್ತೇನೆ. ಈ ಡಬ್ಬಿಯ ಗುಡ್ಡ ಟೊಳ್ಳು ಪ್ಲಾಸ್ಟಿಕ್. ಬಿದ್ದ ಮಳೆಯಲ್ಲಿ ಒಂದು ಹನಿಯೂ ನೆಲದೊಳಗೆ ಇಳಿಯುವುದಿಲ್ಲ, ಎಲ್ಲವೂ ಗೀರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಗಿಡ ಒಂದೂ ಇಲ್ಲ. ಎಲೆಗಳು ಬಿಡುವ ನೀರಾವಿಯ ಸುದ್ದಿಯೇ ಇಲ್ಲ. ಬಾವಿಯೂ ಇಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಹರಿಯದೆ, ಇಂಗದೆ ನಿಂತರೆ ನಮ್ಮ ತರಗತಿಯ ಬಾಗಿಲಿನ ಎರಡರಷ್ಟು ಎತ್ತರ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಆದರೂ ಏಪ್ರಿಲ್, ಮೇ ಬಂದರೆ ಎಷ್ಟೋ ಮನೆಗಳ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ, ಟ್ಯಾಂಕರ್ ಕಾಯಬೇಕು. ಉಡುಪಿ ಪೇಟೆಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ನಮ್ಮ ಮಕ್ಕಳಿಗೆ ಹತ್ತಿರದಲ್ಲೇ ಇದೆ. ಬೇಸಗೆಯಲ್ಲಿ ಅಲ್ಲಿ ನೀರು ಇಳಿಯುವುದನ್ನು ನೋಡಿ ಬೆಳೆಯುವವರು ಅವರು. ಇಷ್ಟು ಮಳೆ ಎಲ್ಲಿಗೆ ಹೋಯಿತು ಎಂದು ತಿಳಿಯದೆ ಜಲಚಕ್ರ ಕಲಿತರೆ ಆ ಕಲಿಕೆ ಪರೀಕ್ಷೆಗಷ್ಟೇ ಆದೀತು.

ಹಾಗಾಗಿ ಗಾಜಿನ ಭರಣಿಯೊಂದರಲ್ಲಿ ಕೆಳಗೆ ಶೇಡಿ ಮಣ್ಣು (ನೀರನ್ನು ಸುಲಭಕ್ಕೆ ಇಳಿಯಬಿಡದ ಜೇಡಿ) ಒತ್ತಿ, ಮೇಲೆ ಮುರಕಲ್ಲಿನ (ನಮ್ಮ ಕಡೆಯ ತೂತುತೂತಾದ ಕೆಂಪು ಕಲ್ಲು) ಚೂರು, ಅದರ ಮೇಲೆ ಕೆಂಪು ಮಣ್ಣು ತುಂಬಿಸಿದೆವು. ಖಾಲಿ ಮಾತ್ರೆ ಡಬ್ಬಿಗೆ ಸುತ್ತಲೂ ತೂತು ಮಾಡಿ, ಬಾಯಿ ಮೇಲಾಗಿ ಹೂತರೆ ಬಾವಿ. ಮಣ್ಣಿನ ಮೇಲೆ ನೀರು ಚಿಮುಕಿಸುತ್ತಾ ಹೋದಂತೆ ಮುರಕಲ್ಲಿನ ಸಂದಿಯಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು ಬಾವಿಯೊಳಗೆ ಏರುತ್ತದೆ. ಇನ್ನೊಂದು ಭರಣಿಯಲ್ಲಿ ಮಣ್ಣಿನ ಮೇಲೆ ಸಿಮೆಂಟ್ ಬಳಿದೆವು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮನೆಯ ಹುಡುಗಿ ಎರಡೂ ಬಾವಿಗಳಿಗೆ ಇಣುಕಿ ನೋಡಿ, ಮನೆಗೆ ಹೋಗಿ ಅಜ್ಜನ ಹತ್ತಿರ ತೆಂಗಿನ ಬುಡಕ್ಕೆ ಮಾಡಿನ ನೀರು ತಿರುಗಿಸಲು ಹೇಳಿದಳಂತೆ. ಅಜ್ಜ ತೋಡಿನಂತೆ ಸಣ್ಣ ಚರಂಡಿ ಕಡಿದೂ ಕೊಟ್ಟಿದ್ದಾರೆ.

ತಯಾರಕರು ಮುಂದಿನ ಸಲ ಗುಡ್ಡದ ಒಂದು ಬದಿಯನ್ನಾದರೂ ಮಣ್ಣು ತುಂಬಿಸುವ ಹಾಗೆ ತೆರೆದಿಡಲಿ, ಕನ್ನಡದ ಒಂದು ಹಾಳೆ ಸೇರಿಸಲಿ. ನೂರು ರೂಪಾಯಿ ಹೆಚ್ಚಾದರೂ ಕೊಡುತ್ತೇನೆ.

ಕೊಳ್ಳುವವರು ಅಂಗಡಿಯಲ್ಲೇ ತೆರೆದು ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ನೋಡಿ. ನನಗೆ ಮೊದಲು ಕೊಟ್ಟದ್ದರಲ್ಲಿ ಒಂದು ಮೂಲೆ ಎದ್ದಿತ್ತು, ಬದಲಿಸಿಕೊಟ್ಟರು. ಬಿಸಿನೀರನ್ನು ದೊಡ್ಡವರೇ ಹೊಯ್ಯಲಿ. ಕುದಿಯುವ ನೀರು ಹಾಕಿದರೆ ತಳ ಸೊಟ್ಟಗಾಗುತ್ತದೆ, ಸ್ನಾನದ ನೀರಿಗಿಂತ ತುಸು ಹೆಚ್ಚು ಬಿಸಿ ಇದ್ದರೆ ಸಾಕು.