ಪೀರನವಾಡಿ ದಾಟಿದ ಮೇಲಿನ ಬೋರ್ಡಿಲ್ಲದ ನರ್ಸರಿ, ಅಲ್ಲಿಂದ ತಂದ ನನ್ನ ಶಾವಂತಿಗೆ

ಈ ನರ್ಸರಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಉದ್ಯಮಬಾಗ, ಪೀರನವಾಡಿ ದಾಟಿದ ಮೇಲೆ ಎಡಕ್ಕೊಂದು ದೊಡ್ಡ ಹುಣಸೆ ಮರ ಬರುತ್ತದೆ. ಅದರ ಬುಡಕ್ಕೆ ನೀಲಿ ಡ್ರಮ್ಮು, ಹಿಂದೆ ಹಸಿರು ನೆಟ್ಟು. ಗುರುತು ಅಷ್ಟೇ. ಎರಡು ವರ್ಷದಿಂದ ನಾನು ಇಲ್ಲಿಂದ ಶಾವಂತಿಗೆ ಸಸಿ ತರುತ್ತಿದ್ದೇನೆ, ಈವರೆಗೆ ಒಟ್ಟು ಹದಿನಾಲ್ಕು. ಈ ಸಲದ ಹೂವು ಇನ್ನೂ ಗಿಡದಲ್ಲಿರುವಾಗಲೇ ಬರೆದುಬಿಡೋಣ ಅಂತ ಕುಳಿತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು, ಯಾಕೆಂದರೆ ಗಿಡದ ಕಥೆಗೂ ಮನೆಗೂ ಸಂಬಂಧವಿದೆ. ನಮ್ಮದು ವಡಗಾವಿಯಲ್ಲಿ ಮಗ್ಗದ ಮನೆ. ಹಿಂದಿನ ಖೋಲಿಯಲ್ಲಿ ನಾಲ್ಕು ಪಾವರ್‌ಲೂಮ್, ಅದರ ಕಿಟಕಿ ತೆರೆಯುವುದು ಹಿತ್ತಲಿಗೆ. ಹಿತ್ತಲು ದೊಡ್ಡದೇನಲ್ಲ, ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಒಂದು ತುದಿಗೆ ಕಿಟಕಿ, ಇನ್ನೊಂದು ತುದಿಗೆ ನೀರಿನ ಟಾಕಿ. ನಡುವೆ ಕರಿಬೇವು, ತುಳಸಿ, ಒಂದಿಷ್ಟು ಕುಂಡ.

ಶಾವಂತಿಗೆ ಬೆಳೆಸುವ ಹುಕಿ ಹುಟ್ಟಿದ್ದು ಒಂದು ದೀಪಾವಳಿಗೆ. ಲಕ್ಷ್ಮೀ ಪೂಜೆಯ ದಿನ ಗಣಪತ ಗಲ್ಲಿಯಲ್ಲಿ ಒಂದು ಮಾರು ಹಳದಿ ಶಾವಂತಿಗೆಗೆ 120 ರೂಪಾಯಿ ಕೊಟ್ಟೆ. ಮನೆಗೆ ಬಂದು ಬಿಚ್ಚಿದರೆ ಒಳಗಿನ ಅರ್ಧ ಹೂವಿಗೆ ನೀರು ಹೊಡೆದು ಹೊಡೆದು ಎಸಳು ಕೊಳೆತಿದ್ದವು. ದೇವರಿಗೆ ಏರಿಸಲು ಮನಸ್ಸಾಗಲಿಲ್ಲ. ಅದೇ ವಾರ ಊರೊಳಗಿನ ಒಂದು ಅಂಗಡಿಯಿಂದ ಹೂ ತುಂಬಿದ ಕುಂಡವೊಂದನ್ನು 250 ರೂಪಾಯಿಗೆ ತಂದೆ. ಮೂರು ವಾರ ಮನೆಯೆಲ್ಲ ಬೆಳಗಿತು. ಆಮೇಲೆ ಒಂದೊಂದೇ ಟೊಂಗೆ ಕಂದಿ ಸತ್ತಿತು. ಕುಂಡ ಬಡಿದು ನೋಡಿದರೆ ಒಳಗೆ ಮಣ್ಣೇ ಇಲ್ಲ, ಬರೀ ತೆಂಗಿನ ನಾರಿನ ಪುಡಿ. ಒಂದೇ ಗಿಡ ಅಂದುಕೊಂಡಿದ್ದು ಐದು ಬೇರೆ ಬೇರೆ ಕಡ್ಡಿ, ಎಲ್ಲದರ ಬೇರೂ ಜಡೆ ಹೆಣೆದ ಹಾಗೆ ಸಿಕ್ಕಿಕೊಂಡಿದ್ದವು. ಹೂವಿನ ಅಂದಕ್ಕೆ ಹಾಗೆ ಒತ್ತೊತ್ತಾಗಿ ನೆಡುತ್ತಾರೆ, ವರ್ಷಾನುಗಟ್ಟಲೆ ಉಳಿಯಲಿ ಅಂತ ಅಲ್ಲ. ಆ ಮಾತನ್ನು ಮಾರುವಾಗಲೇ ಹೇಳಿದ್ದರೆ ನಾನೇ ಬಿಡಿಸಿ ಬೇರೆ ಬೇರೆ ನೆಡುತ್ತಿದ್ದೆ.

ಹುಣಸೆ ಮರದ ನರ್ಸರಿಯ ಪರಿಚಯ ಮಾಡಿಸಿದವಳು ನಮ್ಮ ಓಣಿಯಲ್ಲಿ ಹೂ ಮಾರುವ ಹೆಣ್ಣುಮಗಳು. ಮೊದಲ ವರ್ಷ ಜೂನ್‌ನಲ್ಲಿ ಮಗನನ್ನು ಕಳಿಸಿ ಆರು ಸಸಿ ತರಿಸಿದೆ, ಒಂದಕ್ಕೆ 20 ರೂಪಾಯಿ. ಕರಿ ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಗಿಡ. ಹೂವಿಲ್ಲ, ಮೊಗ್ಗಿಲ್ಲ, ಬಣ್ಣ ತಿಳಿಯಲಿ ಅಂತ ಕುತ್ತಿಗೆಗೆ ಒಂದು ದಾರ ಕಟ್ಟಿತ್ತು: ಹಳದಿಗೆ ಹಳದಿ, ಬಿಳಿಗೆ ಬಿಳಿ, ಕೆಂಪಿಗೆ ಕೆಂಪು. ಮೂರನ್ನು ಟಾಕಿಯ ಕಡೆ ನೆಟ್ಟೆ, ಮೂರನ್ನು ಕಿಟಕಿಯ ಕಡೆ. ಮಣ್ಣು, ಗೊಬ್ಬರ, ನೀರು, ಆರಕ್ಕೂ ಒಂದೇ.

ನವೆಂಬರ್‌ನಲ್ಲಿ ಟಾಕಿ ಕಡೆಯ ಮೂರೂ ಗಿಡ ಎಲೆ ಕಾಣದ ಹಾಗೆ ಹೂ ಬಿಟ್ಟವು. ಕಿಟಕಿ ಕಡೆಯ ಮೂರು ಸೊಂಟದ ಮಟ ಬೆಳೆದು, ಎಣ್ಣೆ ಹಚ್ಚಿದಂಥ ಹಸಿರು ಎಲೆ ಬಿಟ್ಟುಕೊಂಡು ಸುಮ್ಮನೆ ನಿಂತವು. ಗೌರಿ ಹುಣ್ಣಿಮೆ ಬಂತು, ಹೋಯಿತು. ಒಂದು ಮೊಗ್ಗೂ ಇಲ್ಲ. ಡಿಸೆಂಬರ್‌ನಲ್ಲಿ ಸಿಟ್ಟಿನಿಂದ ನಾನೇ ಬಸ್ಸು ಹಿಡಿದು ಹೋದೆ.

"ಮಾಮಾರ, ಆರರಾಗ ಮೂರು ಗಿಡಾ ಖೊಟ್ಟಿ ಕೊಟ್ಟೀರಿ. ಸೊಂಟದ ಮಟಾ ಬೆಳದಾವು, ಒಂದ ಮೊಗ್ಗಿ ಇಲ್ಲ."

ನರ್ಸರಿ ನಡೆಸುವ ಮಾಮಾ ವಾದಕ್ಕೆ ಇಳಿಯಲಿಲ್ಲ. ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿ ಕೆಳಗಿಟ್ಟು ಕೇಳಿದರು, "ಅಕ್ಕಾರ, ಆ ಮೂರಕ್ಕ ರಾತ್ರಿ ಲೈಟ್ ಏನರ ಬೀಳತೈತೇನ್ರಿ?"

"ಮಗ್ಗದ ಖೋಲಿ ಟ್ಯೂಬ್‌ಲೈಟ್ ಬೀಳತೈತ್ರಿ. ಹನ್ನೊಂದರ ಮಟಾ ಮಗ್ಗ ನಡಿತಾವಲ್ರಿ."

"ಹಂಗಾರ ಗಿಡದ್ದೇನೂ ತಪ್ಪಿಲ್ರಿ. ಇದು ಕತ್ತಲಿ ಎಣಿಸೋ ಗಿಡಾ. ರಾತ್ರಿ ಉದ್ದ ಆತಂದ್ರನ ಮೊಗ್ಗಿ ಹಿಡಿತೈತಿ. ನೀವು ಹನ್ನೊಂದರ ಮಟಾ ಹಗಲ ಮಾಡಿಟ್ರ ಅದಕ್ಕ ಇನ್ನೂ ಮಳಿಗಾಲನ ಐತಿ ಅನಸ್ತೈತಿ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ತಂಗಿಯ ಮಗನನ್ನು ಕೇಳಿದೆ. ಮಾಮಾ ಹೇಳಿದ್ದು ಅಕ್ಷರಶಃ ಖರೆ ಅಂದ. ಹಗಲು ರಾತ್ರಿಯ ಉದ್ದ ನೋಡಿ ಗಿಡ ಹೂ ಬಿಡುತ್ತದೆ ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ತೋರಿಸಿಕೊಟ್ಟರಂತೆ. ಅವರು ಪರೀಕ್ಷೆ ಮಾಡಿದ ಗಿಡಗಳಲ್ಲಿ ತಂಬಾಕೂ ಇತ್ತು ಅಂದಾಗ ನನಗೆ ನಮ್ಮ ನಿಪ್ಪಾಣಿ ಕಡೆಯ ಹೊಲಗಳು ಕಣ್ಣ ಮುಂದೆ ಬಂದವು. ನಮ್ಮ ಬೆಳಗಾವಿಯಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆಯ ಮೇಲೆ ಸ್ವಲ್ಪ. ಈ ಎರಡು ಗಂಟೆಯ ವ್ಯತ್ಯಾಸವೇ ಶಾವಂತಿಗೆಗೆ ಪಂಚಾಂಗ. ಬೆಂಗಳೂರಿನ ಸುತ್ತಲಿನ ರೈತರು ಇದೇ ಗುಟ್ಟನ್ನು ತಿರುಗಿಸಿ ಬಳಸುತ್ತಾರೆ: ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಸಿ, ಗಿಡ ಎತ್ತರಕ್ಕೆ ಬೆಳೆಯುವ ತನಕ ಮೊಗ್ಗು ತಡೆಯುತ್ತಾರೆ. ಅವರು ಬೇಕೆಂದೇ ಮಾಡುವುದನ್ನು ನಮ್ಮ ಮಗ್ಗದ ಖೋಲಿ ಗೊತ್ತಿಲ್ಲದೆ ಮಾಡಿತ್ತು.

ಎರಡನೇ ವರ್ಷ ಸಸಿ ತರಲು ನಾನೇ ಹೋದೆ. ಚೀಲ ಕೊಡುವ ಮೊದಲು ಮಾಮಾ ಕೇಳಿದ್ದು ಇಷ್ಟು: ಎಲ್ಲಿ ಇಡತೀರಿ, ಬಿಸಿಲು ಎಷ್ಟು ತಾಸು, ಮಳೆ ನೀರು ನಿಲ್ಲುತ್ತದೋ ಹರಿಯುತ್ತದೋ, ರಾತ್ರಿ ಬೆಳಕು ಬೀಳುತ್ತದೋ. ಹಿಂದಿನ ವರ್ಷ ಮಗನನ್ನು ಯಾಕೆ ಕೇಳಲಿಲ್ಲ ಅಂದೆ. "ತಮ್ಮ ಗಾಡಿ ಬಂದ್ ಮಾಡಲಿಲ್ರಿ, ನಿಂತಕೊಂಡ ಇಸಗೊಂಡ ಹೋದಾ" ಅಂದರು. ಮಗನನ್ನು ಕೇಳಿದರೆ ಹೌದು ಅಂದ. ಕೊಳ್ಳುವವರ ಜಾಗ ಕೇಳಿ ಗಿಡ ಮಾರುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ನನ್ನ ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳಿಗೆ, ಅವರ ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ ಅಂತ ತಿಳಿದ ಮೇಲೆ, ಶಾವಂತಿಗೆ ಬೇಡ್ರಿ ಅಂತ ವಾಪಸ್ ಕಳಿಸಿದರು. ಬಂದ ಗಿರಾಕಿಯನ್ನು ಬಿಡುವುದು ಅಂದರೆ ಸಣ್ಣ ಮಾತಲ್ಲ.

ಬೆಳೆಸುವ ರೀತಿ ಅವರು ಹೇಳಿದ್ದು, ನಾನು ಮಾಡಿದ್ದು ಎರಡನ್ನೂ ಕೂಡಿಸಿ ಹೇಳುತ್ತೇನೆ. ಬೆಳಗಾವಿ ಮಳೆಗೆ ಶಾವಂತಿಗೆ ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಅದಕ್ಕೇ ನೆಲದಲ್ಲಿ ನೆಡುವುದಾದರೆ ಒಂದು ಗೇಣು ಎತ್ತರದ ಮಡಿ ಮಾಡಬೇಕು. ಕುಂಡಕ್ಕಾದರೆ ಕೆಂಪು ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಬುಟ್ಟಿ, ಉಸುಕು ಅರ್ಧ ಬುಟ್ಟಿ. ನನ್ನ ತವರುಮನೆ ಬೈಲಹೊಂಗಲ ಕಡೆ, ಅಲ್ಲಿ ಎರೆ ಮಣ್ಣು. ಎರೆ ಮಣ್ಣಿನಲ್ಲಿ ನೀರು ಇಂಗದೆ ಅವ್ವನ ಗಿಡಗಳು ಎರಡು ಸಲ ಹೋದವು. ಅಲ್ಲಿಯವರು ಉಸುಕು ಇನ್ನೂ ಹೆಚ್ಚಿಗೆ ಹಾಕಬೇಕು.

ನೆಟ್ಟ ಒಂದು ತಿಂಗಳಿಗೆ ತುದಿ ಚಿವುಟಬೇಕು. ಮೊದಲ ಸಲ ನನ್ನ ಕೈ ಬರಲಿಲ್ಲ. ಚೆಂದ ಬೆಳೆಯುವ ಗಿಡದ ತಲೆ ತೆಗೆಯುವುದು ಹೇಗೆ? ಮಾಮಾ ತಮ್ಮ ಗಿಡದಲ್ಲೇ ತೋರಿಸಿದರು: ಹೆಬ್ಬೆರಳಿನ ಉಗುರು, ತೋರುಬೆರಳು, ಮೇಲಿನ ಎರಡೆಲೆ ಸಮೇತ ಎಳೆ ಸುಳಿ, ಚಟ್ ಅಂತ ಒಂದು ಸಪ್ಪಳ. ಬೆರಳಿಗೆ ಹತ್ತುವ ವಾಸನೆ ಸ್ವಲ್ಪ ಕಹಿ, ಸ್ವಲ್ಪ ಕರ್ಪೂರದಂಥದ್ದು, ಸಾಬೂನು ಹಚ್ಚಿದರೂ ಅಡುಗೆ ಮುಗಿಯುವ ತನಕ ಹೋಗುವುದಿಲ್ಲ. ಎಂಟು ಹತ್ತು ದಿನಕ್ಕೆ ಕೆಳಗಿನ ಪ್ರತಿ ಎಲೆಯ ಸಂದಿಯಿಂದ ಹೊಸ ಕವಲು ಹೊರಡುತ್ತದೆ. ಒಂದಿದ್ದದ್ದು ಐದಾರಾಗುತ್ತದೆ. ಜುಲೈ ಕೊನೆಗೆ ಆ ಕವಲುಗಳನ್ನೂ ಚಿವುಟಬೇಕು. ಆಗಸ್ಟ್ ಅರ್ಧ ದಾಟಿದ ಮೇಲೆ ಮುಟ್ಟಬಾರದು, ಮೊಗ್ಗಿನ ಕಾಲ ಹತ್ತಿರ ಬಂದಿರುತ್ತದೆ. ಕೆಲವರ ಕೈಗೆ ಈ ಎಲೆಯಿಂದ ತುರಿಕೆ ಏಳುತ್ತದೆ. ನನ್ನ ಸೊಸೆಗೆ ಹಾಗಾಯಿತು, ಅವಳು ಈಗ ಕೈಗವಸು ಹಾಕಿಕೊಂಡೇ ಚಿವುಟುತ್ತಾಳೆ.

ಕಿಟಕಿಯ ಬೆಳಕಿಗೆ ಏನು ಮಾಡಿದೆ? ಮಗ್ಗ ನಿಲ್ಲಿಸುವಂತಿಲ್ಲ, ಅದು ನಮ್ಮ ಅನ್ನ. ಕುಂಡದಲ್ಲಿದ್ದವನ್ನು ಟಾಕಿಯ ಮರೆಗೆ ಸರಿಸಿದೆ. ನೆಲದಲ್ಲಿದ್ದ ಮೂರು ಗಿಡಗಳಿಗೆ ಸುತ್ತ ನಾಲ್ಕು ಬಿದಿರ ಗಳ ನೆಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವನವರ ಹಳೇ ಕರಿ ಕಂಬಳಿ ಹೊಚ್ಚಿದೆ, ಬೆಳಗ್ಗೆ ಅಂಗಳ ಗುಡಿಸುವಾಗ ತೆಗೆದೆ. ಸಪ್ಟೆಂಬರ್ ಮೊದಲ ವಾರ ಶುರು ಮಾಡಿದ್ದು, ಮೊಗ್ಗಿಗೆ ಬಣ್ಣ ಕಾಣುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಊರಿಗೆ ಹೋದಾಗ ಮಗ ಹೊಚ್ಚಿದ. ಅಕ್ಟೋಬರ್ ನಡುವೆ ಒಂದು ಮುಂಜಾನೆ ಕಂಬಳಿ ಎತ್ತಿದರೆ ತುದಿಯಲ್ಲಿ ಎಲೆಯಲ್ಲ, ಸಾಸಿವೆಕಾಳಿಗಿಂತ ತುಸು ದೊಡ್ಡ ಹಸಿರು ಗುಂಡಿ. ಹಿಂದಿನ ವರ್ಷ ಒಂದು ಮೊಗ್ಗೂ ಬಿಡದ ಅದೇ ಬುಡದ ಮರಿ ಅದು. ಹಿತ್ತಲಿಗೆ ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ.

ಆ ಹೊತ್ತಿಗೇ ಕರಿ ಹೇನು ಮುತ್ತುತ್ತವೆ, ಮೊಗ್ಗಿನ ಕೆಳಗಿನ ಎಳೆ ಕಾಂಡಕ್ಕೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ನೀರು, ಸಂಜೆ ಹೊಡೆಯುವುದು, ವಾರಕ್ಕೊಮ್ಮೆ. ಎರಡು ಸಲಕ್ಕೆ ಹೋದವು.

ಹೂವಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ತಂಗಿಯ ಮಗ ಬಂದಾಗ ಒಂದು ಹಳದಿ ಹೂವಿನ ಎಸಳು ಕಿತ್ತು ಅಂಗೈ ಮೇಲಿಟ್ಟ. "ದೊಡ್ಡವ್ವ, ಇದು ಎಸಳಲ್ಲ, ಇದ ಒಂದು ಹೂವು" ಅಂದ. ಅವನ ಭೂತಗನ್ನಡಿ ಹಿಡಿದು ನೋಡಿದೆ. ಬುಡದಲ್ಲಿ ಸಣ್ಣ ಕೊಳವೆ, ಅದರಿಂದ ಹೊರಗೆ ಚಾಚಿದ ಎರಡು ಕವಲಿನ ಕೂದಲೆಳೆಯಷ್ಟು ನಾಲಿಗೆ. ಹಾಗೆ ನೂರಾರು ಹೂವು ಒಂದೇ ತಟ್ಟೆಯಲ್ಲಿ ಕುಳಿತು ನಮಗೆ ಒಂದು ಶಾವಂತಿಗೆ ಆಗಿ ಕಾಣುತ್ತವೆ. ಸೂರ್ಯಕಾಂತಿಯೂ ಇದೇ ಮನೆತನ. ಐವತ್ತು ವರ್ಷ ಮುಡಿದ ಹೂವನ್ನು ಅವತ್ತು ಮೊದಲ ಸಲ ನೋಡಿದಂತಾಯಿತು.

ಈ ಸಲ ಗೌರಿ ಹುಣ್ಣಿಮೆಗೆ ಸಕ್ಕರಿ ಆರತಿ ತಟ್ಟೆಯ ಸುತ್ತ ಇಟ್ಟದ್ದೆಲ್ಲ ನಮ್ಮ ಹಿತ್ತಲಿನದೇ. ಮಾಲೆಗೆ ಸೂಜಿ ಹಾಕುವುದಿಲ್ಲ ನಾನು. ಎರಡು ಬೆರಳು ತೊಟ್ಟು ಬಿಟ್ಟು ಕೊಯ್ದು, ಮಗ್ಗದಲ್ಲಿ ಉಳಿದ ನೂಲಿನಿಂದ ಎರಡೆರಡು ಹೂವಿಗೆ ಒಂದೊಂದು ಎಸಳು ಮರುಗ ಸೇರಿಸಿ ಕಟ್ಟುತ್ತೇನೆ. ಒದ್ದೆ ಅರಿವೆಯಲ್ಲಿ ಸುತ್ತಿಟ್ಟರೆ ಮೂರು ದಿನಕ್ಕೂ ಮಾಲೆ ಬಾಡಲಿಲ್ಲ. ಗಿಡದಲ್ಲೇ ಬಿಟ್ಟರೆ ಒಂದೊಂದು ಹೂವು ಎರಡು ಮೂರು ವಾರ ನಿಲ್ಲುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದವರು ಮಾತ್ರ ಎಚ್ಚರ ವಹಿಸಬೇಕು, ಈ ಎಲೆ ತಿಂದರೆ ಅವುಗಳ ಹೊಟ್ಟೆಗೆ ಆಗುವುದಿಲ್ಲ.

ನರ್ಸರಿಯ ಕೊರತೆಗಳನ್ನೂ ಹೇಳಬೇಕು. ಈ ವರ್ಷ ತಂದ ಎಂಟರಲ್ಲಿ ಬಿಳಿ ದಾರ ಕಟ್ಟಿದ್ದ ಒಂದು ಗಿಡ ಹಳದಿ ಹೂ ಬಿಟ್ಟಿತು. ದಾರ ಕಟ್ಟಿದವರು ಮಾಮಾರ ಮೊಮ್ಮಗ, ಅದಕ್ಕೆ ಬದಲಿ ಬಿಳಿ ಮರಿ ಕೊಡುತ್ತೇನೆ ಅಂತ ಮಾಮಾ ಅಂದಿದ್ದಾರೆ. ಇನ್ನೊಂದು ಚೀಲದ ಎಲೆ ಮೇಲೆ ಕಂದು ಕಪ್ಪು ಚುಕ್ಕೆ ಇತ್ತು. ನಾನು ಗಮನಿಸದೆ ಉಳಿದವುಗಳ ಪಕ್ಕಕ್ಕೆ ಇಟ್ಟೆ, ಮಳೆಯಲ್ಲಿ ಅದು ಇನ್ನೆರಡಕ್ಕೆ ಹಬ್ಬಿತು. ಚುಕ್ಕೆ ಎಲೆಗಳನ್ನೆಲ್ಲ ಕಿತ್ತು ಸುಟ್ಟ ಮೇಲೆ ನಿಂತಿತು, ಆದರೆ ಆ ಎರಡು ಗಿಡದ ಕೆಳಗಿನ ಅರ್ಧ ಬೋಳಾಯಿತು. ಆ ಚೀಲವನ್ನು ಅವರು ಮಾರಬಾರದಿತ್ತು. ಹೊಸ ಸಸಿಯನ್ನು ಹತ್ತು ದಿನ ದೂರವಿಟ್ಟು ನೋಡಿ, ಯಾವ ನರ್ಸರಿಯದೇ ಆಗಲಿ. ಮಳೆಗಾಲದಲ್ಲಿ ಒಳಗೆ ಕಾಲಿಟ್ಟರೆ ಮೀನಗಂಡದ ಮಟ ರಾಡಿ. ಫೋನ್‌ಪೇ ಇದೆ, ಹುಣಸೆ ಮರದ ಕೆಳಗೆ ನೆಟ್‌ವರ್ಕ್ ಇರುವುದಿಲ್ಲ, ರೊಕ್ಕ ಒಯ್ಯಿರಿ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಯಾರೂ ಇರುವುದಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಆ ಚುಕ್ಕೆಯ ಚೀಲಕ್ಕೆ.

ಹೋಗುವುದಾದರೆ ಜೂನ್ ಮೊದಲ ವಾರ ಹೋಗಿ, ಆಗ ಆರಿಸಲು ಸಿಗುತ್ತದೆ. ಒಮ್ಮೆ ತಂದವರು ಮತ್ತೆ ಮತ್ತೆ ಕೊಳ್ಳಬೇಕಾಗಿಲ್ಲ ಅಂತ ಮಾಮಾ ಅವರೇ ಹೇಳಿಕೊಟ್ಟಿದ್ದಾರೆ. ಜನವರಿಯಲ್ಲಿ ಹೂ ಮುಗಿದ ಮೇಲೆ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಬುಡದ ಸುತ್ತ ಮರಿ ಏಳುತ್ತವೆ. ಬೇಸಿಗೆಯಲ್ಲಿ ಅವಕ್ಕೆ ನೆರಳು, ದಿನಕ್ಕೊಂದು ತಂಬಿಗೆ ನೀರು. ಜೂನ್‌ಗೆ ಬೇರು ಸಮೇತ ಬಿಡಿಸಿ ನೆಡಬೇಕು, ಹಳೇ ಬುಡ ಬಿಡಬೇಕು. ನನ್ನ ಟಾಕಿ ಕಡೆಯ ಕೆಂಪು ಗಿಡಕ್ಕೆ ಹೂ ಇರುವಾಗಲೇ ಏಳು ಮರಿ ಕಾಣುತ್ತಿವೆ. ಎರಡನ್ನು ಅವ್ವನಿಗೆ ಒಯ್ಯುತ್ತೇನೆ, ಜೊತೆಗೆ ಅರ್ಧ ಚೀಲ ಉಸುಕು.