ನೇಯ್ದ ವೀಡ್ ಮ್ಯಾಟ್: ಬ್ಲ್ಯಾಕ್‌ಬೆರಿ ಬುಡಕ್ಕೆ ಒಳ್ಳೆಯದು, ಕೆಂಪು ರಾಸ್ಪ್‌ಬೆರಿಗೆ ಹಾಗೇ ಹಾಸಬೇಡಿ

ಅಂಗಡಿಗೆ ಹೋಗಿ ಕಳೆ ತಡೆಯುವ ಬಟ್ಟೆ ಕೊಡಿ ಎಂದರೆ ಎರಡು ಬೇರೆ ಬೇರೆ ಸಾಮಾನು ತೋರಿಸುತ್ತಾರೆ. ಒಂದು, ಕಂಬಳಿಯ ಹಾಗೆ ಮೆತ್ತಗಿರುವ, ನೇಯದೆ ಒತ್ತಿ ಮಾಡಿದ ಬಟ್ಟೆ. ಇನ್ನೊಂದು, ಗೊಬ್ಬರದ ಚೀಲದ ಹಾಗೆ ಚಪ್ಪಟೆ ಪಾಲಿಪ್ರೊಪಿಲೀನ್ ಎಳೆಗಳನ್ನು ಅಡ್ಡ ಉದ್ದ ನೇಯ್ದ ಕಪ್ಪು ಮ್ಯಾಟ್. ಬೆರಿ ಸಾಲಿಗೆ ಬೇಕಾದದ್ದು ಎರಡನೆಯದು, ಇಲ್ಲಿ ಹೇಳಹೊರಟದ್ದೂ ಅದರ ಬಗ್ಗೆಯೇ. ಯಾವ ಕಂಪನಿಯದ್ದು ಅನ್ನುವುದಕ್ಕಿಂತ ಬಟ್ಟೆಯ ತೂಕ, ನೇಯ್ಗೆ ಮತ್ತು ಹಾಸುವ ರೀತಿ ಮುಖ್ಯವಾದ್ದರಿಂದ ಬ್ರ್ಯಾಂಡ್‌ಗಳ ಸುದ್ದಿಗೆ ಹೋಗುವುದಿಲ್ಲ. ಲೆಕ್ಕವೆಲ್ಲ ಅಮೆರಿಕದ ಒರೆಗಾನ್ ರಾಜ್ಯದ ವಿಲಾಮೆಟ್ ಕಣಿವೆಯದ್ದು. ಹಿಲ್ಸ್‌ಬರೊ, ಬೀವರ್ಟನ್ ಕಡೆ ಮನೆ ಮಾಡಿಕೊಂಡು ಹಿತ್ತಲಲ್ಲೋ ಅರ್ಧ ಎಕರೆಯಲ್ಲೋ ಬೆರಿ ಹಾಕುತ್ತಿರುವ ಕನ್ನಡದವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಈ ಕಣಿವೆಯ ಹವೆಯೇ ಕಳೆಗೆ ಹೇಳಿ ಮಾಡಿಸಿದ ಹಾಗಿದೆ. ಅಕ್ಟೋಬರ್‌ನಿಂದ ಮೇ ತನಕ ಮಳೆ, ಆಮೇಲೆ ಒಣ ಬೇಸಿಗೆ. ಮೊದಲ ಮಳೆಗೇ ಚಳಿಗಾಲದ ಸಣ್ಣ ಹುಲ್ಲು ಮೊಳೆತು ಬುಡವನ್ನು ಮುಚ್ಚುತ್ತದೆ. ಬೇಸಿಗೆಯಲ್ಲಿ ಡ್ರಿಪ್ ನೀರು ಬಿದ್ದಲ್ಲೆಲ್ಲ ಕಾಡು ದಂಟು, ಗೋಣಿ ಸೊಪ್ಪು, ಚಕ್ಕೋತ ಸೊಪ್ಪು. ಊರಲ್ಲಿ ಸಾರಿಗೆ ಹಾಕುವ ಸೊಪ್ಪೇ ಇಲ್ಲಿ ಕಳೆ. ಇವೆಲ್ಲ ಬೀಜದಿಂದ ಬರುವ ಒಂದು ವರ್ಷದ ಗಿಡಗಳು, ಮ್ಯಾಟ್ ಇವನ್ನು ಪೂರ್ತಿ ಅಡಗಿಸುತ್ತದೆ. ಬೇರು, ಗಡ್ಡೆಯಿಂದ ಬರುವ ಗರಿಕೆಯಂಥ ಕ್ವಾಕ್ ಹುಲ್ಲು, ಕೆನಡಾ ಥಿಸಲ್ ಎಂಬ ಮುಳ್ಳುಗಿಡ, ಬಿಳಿ ಹೂವಿನ ಬೈಂಡ್‌ವೀಡ್ ಬಳ್ಳಿ, ಜೇಕು ಮಾತ್ರ ಬೇರೆ ಜಾತಿಯ ಶತ್ರುಗಳು. ಅವು ಮ್ಯಾಟ್ ಕೆಳಗೆ ಸಾಯುವುದಿಲ್ಲ. ಕತ್ತಲಲ್ಲೇ ಬಿಳಿ ಬೇರು ಚಾಚಿಕೊಂಡು ಹೋಗಿ, ನೀವು ಗಿಡಕ್ಕೆಂದು ಕತ್ತರಿಸಿದ ತೂತಿನಲ್ಲೇ ತಲೆ ಎತ್ತುತ್ತವೆ. ಅಲ್ಲಿ ಬ್ಲ್ಯಾಕ್‌ಬೆರಿ ಬೇರೂ ಅವುಗಳ ಬೇರೂ ಹೆಣೆದುಕೊಂಡಿರುವುದರಿಂದ ಕೀಳುವುದು ತುಂಬ ಕಷ್ಟ. ಅದಕ್ಕೇ ಬಹುವಾರ್ಷಿಕ ಕಳೆ ಇರುವ ಜಾಗಕ್ಕೆ ನಾಟಿಗೆ ಒಂದು ವರ್ಷ ಮುಂಚೆಯೇ ಕೈ ಹಾಕಬೇಕು. ಉತ್ತು, ಬೇರು ಆರಿಸಿ, ಹೊದಿಕೆ ಬೆಳೆ ಹಾಕಿ, ಚಿಗುರಿದ್ದನ್ನು ಮತ್ತೆ ಉತ್ತು. ಈ ವರ್ಷವನ್ನು ಉಳಿಸಲು ಹೋದವರು ಮುಂದಿನ ಹತ್ತು ವರ್ಷ ಮಂಡಿಯೂರಿ ಕಳೆ ಕೀಳುತ್ತಾರೆ.

ಕೊಳ್ಳುವಾಗ ನೋಡಬೇಕಾದದ್ದು ಮೊದಲು ತೂಕ. ಚದರ ಗಜಕ್ಕೆ 3.2 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 108 ಗ್ರಾಂ ತೂಗುವ ಮ್ಯಾಟ್ ಈ ಕೆಲಸಕ್ಕೆ ಸರಿ. ಕರ್ನಾಟಕದಲ್ಲಿ ಇದನ್ನೇ ಜಿಎಸ್‌ಎಂ ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿಯೂ 100ಕ್ಕಿಂತ ಕಡಿಮೆಯದನ್ನು ಬಹುವಾರ್ಷಿಕ ಬೆಳೆಗೆ ಹಾಸಬಾರದು. ಎರಡನೆಯದು, ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಚುಕ್ಕಿ ಬೆಳಕು ಕಂಡರೆ ಅಡ್ಡಿಯಿಲ್ಲ, ಉದ್ದುದ್ದ ಗೆರೆಯಾಗಿ ಬೆಳಕು ಬಂದರೆ ನೇಯ್ಗೆ ಸಡಿಲ. ಹೆಬ್ಬೆರಳ ಉಗುರಿನಿಂದ ಒಂದು ಎಳೆ ತಳ್ಳಿ ನೋಡಿ, ಸುಲಭವಾಗಿ ಜರುಗಿದರೆ ಬಿಟ್ಟುಬಿಡಿ. ಬಿಸಿಲು ತಾಳುವ ಯುವಿ ಸಂಸ್ಕರಣೆ ಆಗಿದೆಯೆಂದು ಸುರುಳಿಯ ಮೇಲೆ ಬರೆದಿರಲೇಬೇಕು. ಅದು ಇದ್ದರೆ ಬರಿಯ ಬಿಸಿಲಲ್ಲಿ ಐದು ವರ್ಷಕ್ಕೆ ಮೇಲೆ ಬಾಳುತ್ತದೆ, ಇಲ್ಲದಿದ್ದರೆ ಎರಡನೇ ಬೇಸಿಗೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ನೇಯದ ಮೆತ್ತನೆ ಬಟ್ಟೆಯನ್ನು ಯಾವ ಕಾರಣಕ್ಕೂ ಬೆರಿಗೆ ತರಬೇಡಿ. ಕಳೆಯ ಬೇರು ಅದರ ನಾರಿನೊಳಗೇ ಹೊಕ್ಕು ಹೆಣೆದುಕೊಳ್ಳುತ್ತದೆ, ಕಿತ್ತರೆ ಬಟ್ಟೆಯೇ ಹರಿದು ಬರುತ್ತದೆ. ಪ್ಲಾಸ್ಟಿಕ್ ಹಾಳೆಯೂ ಬೇಡ. ಮಳೆನೀರು, ಗಾಳಿ ಎರಡನ್ನೂ ತಡೆಯುತ್ತದೆ, ಜೇಕಿನ ಮೊನೆ ಅದನ್ನು ಸೂಜಿಯಂತೆ ಚುಚ್ಚಿಕೊಂಡು ಮೇಲೆ ಬರುತ್ತದೆ.

ಈಗ ಮುಖ್ಯ ವಿಷಯ. ಈ ಮ್ಯಾಟ್ ಎಲ್ಲ ಬೆರಿಗೂ ಒಂದೇ ಥರ ಒಗ್ಗುವುದಿಲ್ಲ, ಕಾರಣ ಹೊಸ ಕಡ್ಡಿ ಎಲ್ಲಿಂದ ಹುಟ್ಟುತ್ತದೆ ಅನ್ನುವುದರಲ್ಲಿದೆ. ಬ್ಲ್ಯಾಕ್‌ಬೆರಿಗಾಗಲಿ ರಾಸ್ಪ್‌ಬೆರಿಗಾಗಲಿ ಬೇರು, ಬುಡ ವರ್ಷಾನುಗಟ್ಟಲೆ ಬದುಕುತ್ತವೆ, ಕಡ್ಡಿಯ ಆಯುಸ್ಸು ಮಾತ್ರ ಎರಡೇ ವರ್ಷ. ಈ ವರ್ಷ ಚಿಗುರಿದ ಕಡ್ಡಿ ಮುಂದಿನ ವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಹಾಗಾಗಿ ಪ್ರತಿ ವಸಂತದಲ್ಲೂ ಹೊಸ ಕಡ್ಡಿ ಏಳಲೇಬೇಕು. ಮೇರಿಯನ್, ಬ್ಲ್ಯಾಕ್ ಡೈಮಂಡ್, ಕೊಲಂಬಿಯಾ ಸ್ಟಾರ್‌ನಂಥ ಹಬ್ಬುವ ಬ್ಲ್ಯಾಕ್‌ಬೆರಿಗಳಲ್ಲಿ, ಚೆಸ್ಟರ್, ಟ್ರಿಪಲ್ ಕ್ರೌನ್‌ನಂಥ ಅರೆನೆಟ್ಟಗಿನ ತಳಿಗಳಲ್ಲಿ ಹೊಸ ಕಡ್ಡಿ ಏಳುವುದು ಬುಡದಿಂದ. ಗಿಡಕ್ಕೊಂದು ತೂತು ಬಿಟ್ಟರೆ ಸಾಕು, ಮಿಕ್ಕ ನೆಲವನ್ನೆಲ್ಲ ಮುಚ್ಚಬಹುದು. ಇನ್ನೊಂದು ಲಾಭವೂ ಇದೆ. ಹಬ್ಬುವ ತಳಿಗಳ ಕಡ್ಡಿಯ ತುದಿ ಮಣ್ಣಿಗೆ ತಗುಲಿದರೆ ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ. ಮ್ಯಾಟ್ ಮೇಲೆ ಬಿದ್ದ ತುದಿಗೆ ಆ ಅವಕಾಶವಿಲ್ಲ.

ಕೆಂಪು ರಾಸ್ಪ್‌ಬೆರಿಯದ್ದು ಬೇರೆ ಸ್ವಭಾವ. ಅದು ಬಾಳೆಯ ಕಂದಿನ ಹಾಗೆ ಮರಿ ಹಾಕುತ್ತದೆ. ವ್ಯತ್ಯಾಸವೆಂದರೆ ಮರಿಗಳು ಬುಡಕ್ಕಷ್ಟೇ ಅಂಟಿಕೊಂಡಿರುವುದಿಲ್ಲ, ಅಡ್ಡಕ್ಕೆ ಹರಿದ ಬೇರಿನ ಮೊಗ್ಗುಗಳಿಂದಲೂ ಏಳುತ್ತವೆ. ಎರಡೂವರೆ ಅಡಿಗೊಂದು ನೆಟ್ಟ ಗಿಡಗಳು ಎರಡು ಮೂರು ವರ್ಷದಲ್ಲಿ ಬೇಲಿಯ ಹಾಗೆ ಒಂದೇ ಸಾಲಾಗಿ ಕೂಡಿಕೊಳ್ಳುವುದು ಹೀಗೆಯೇ. ಈ ಸಾಲಿನ ಮೇಲೆ ತೂತಿನ ಮ್ಯಾಟ್ ಹಾಸಿದರೆ ಏಪ್ರಿಲ್‌ನಲ್ಲಿ ಮೇಲೇಳುವ ಮರಿಗಳು ಕೆಳಗೇ ಸಿಕ್ಕಿಕೊಳ್ಳುತ್ತವೆ. ಮ್ಯಾಟ್ ಎತ್ತಿ ನೋಡಿದರೆ ಬಿಳಿಚಿಕೊಂಡು ಅಡ್ಡಕ್ಕೆ ಸೊಟ್ಟಗೆ ಮಲಗಿದ, ಪೆನ್ಸಿಲಿಗಿಂತ ಸಣ್ಣ ಕಡ್ಡಿಗಳು ಸಿಗುತ್ತವೆ. ತೂತಿನಲ್ಲಿ ನಾಲ್ಕಾರು ಕಡ್ಡಿ ಬರುತ್ತವೆ ನಿಜ, ಸಾಲು ಮಾತ್ರ ಯಾವತ್ತೂ ತುಂಬುವುದಿಲ್ಲ. ಬೇರಿನಿಂದ ಮರಿ ಹಾಕುವ ನೆಟ್ಟಗಿನ ಬ್ಲ್ಯಾಕ್‌ಬೆರಿ ತಳಿಗಳಿಗೂ ಇದೇ ಎಚ್ಚರಿಕೆ.

ಹಾಗೆಂದು ರಾಸ್ಪ್‌ಬೆರಿಗೆ ಮ್ಯಾಟ್ ಬೇಡವೇ ಬೇಡ ಎಂದಲ್ಲ. ಸಾಲಿನ ನಡುವೆ 30 ಸೆಂಟಿಮೀಟರ್ ಪಟ್ಟಿ ಬಿಟ್ಟು ಎರಡೂ ಬದಿಗೆ 3 ಅಡಿ ಅಗಲದ ಮ್ಯಾಟ್ ಹಾಸಿ. ಸಾಲಿಂದಾಚೆ ಓಡುವ ಮರಿಗಳನ್ನು ಅದು ತಡೆಯುತ್ತದೆ, ಸಾಲು ಹಾದಿ ಬಿಟ್ಟು ಅಗಲವಾಗುವುದಿಲ್ಲ. ನಡುವಿನ ಪಟ್ಟಿಗೆ 5 ಸೆಂಟಿಮೀಟರ್ ಮರದ ಚಕ್ಕೆ ಹರಡಿದರೆ ಮರಿಗಳು ಅದನ್ನು ತೂರಿಕೊಂಡು ಬರುತ್ತವೆ. ಅದಕ್ಕಿಂತ ದಪ್ಪ ಬೇಡ. ಇಲ್ಲಿನ ಅಂಟು ಜೇಡಿಮಣ್ಣಿನಲ್ಲಿ ತೇವ ನಿಂತರೆ ಫೈಟಾಫ್ತೊರಾ ಬೇರುಕೊಳೆ ಬರುತ್ತದೆ. ನಮ್ಮಲ್ಲಿ ಅಡಿಕೆಗೆ ಕೊಳೆರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಕುಲವೇ ಅದು, ರಾಸ್ಪ್‌ಬೆರಿಗೂ ಅಷ್ಟೇ ಕ್ರೂರಿ. 25ರಿಂದ 30 ಸೆಂಟಿಮೀಟರ್ ಎತ್ತರದ ಏರುಮಡಿ ಇಲ್ಲದೆ ಈ ಮಣ್ಣಿನಲ್ಲಿ ರಾಸ್ಪ್‌ಬೆರಿ ಹಾಕುವುದೇ ತಪ್ಪು. ಈ ನಡುಪಟ್ಟಿಯ ಕಳೆಯನ್ನು ಕೈಯಲ್ಲೇ ಕೀಳಬೇಕು. ಗುದ್ದಲಿ ಆಡಿಸುವುದಾದರೆ ಎರಡು ಮೂರು ಸೆಂಟಿಮೀಟರ್ ಮೇಲುಮಣ್ಣು ಮಾತ್ರ. ಬೇರೆಲ್ಲ ಮೇಲೆಯೇ ಇರುವುದರಿಂದ ಆಳಕ್ಕೆ ಕೆದಕಿದರೆ ಬೇರು ತುಂಡಾಗಿ, ತುಂಡಾದಲ್ಲಿ ರೋಗ ಹೊಕ್ಕುತ್ತದೆ.

ಬ್ಲ್ಯಾಕ್‌ಬೆರಿಗೆ ಮ್ಯಾಟ್ ಒಳ್ಳೆಯದು ಅನ್ನುವುದು ಬರಿ ಅಂದಾಜಲ್ಲ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಡೀನ್ ಸ್ಟ್ರಿಕ್ ಅವರ ತಂಡ ಅರೋರಾದ ಸಂಶೋಧನಾ ಕೇಂದ್ರದಲ್ಲಿ ಮೇರಿಯನ್ ಮತ್ತು ಬ್ಲ್ಯಾಕ್ ಡೈಮಂಡ್ ತಳಿಗಳನ್ನು ಸಾವಯವ ರೀತಿಯಲ್ಲಿ ಬೆಳೆದು ಮ್ಯಾಟ್ ಹಾಸಿದ್ದು, ಕೈಯಲ್ಲಿ ಕಳೆ ಕಿತ್ತದ್ದು, ಕಳೆ ಹಾಗೇ ಬಿಟ್ಟದ್ದು ಎಂದು ಮೂರು ಥರ ಹೋಲಿಸಿ ನೋಡಿತ್ತು. ಇಳುವರಿಯಲ್ಲಿ ಮ್ಯಾಟ್ ಮುಂದೆ, ಕಳೆ ಬಿಟ್ಟದ್ದು ಎಲ್ಲಕ್ಕಿಂತ ಹಿಂದೆ. ಅಂದಹಾಗೆ ಮೇರಿಯನ್ ಇದೇ ಕಣಿವೆಯ ಕೂಸು. 1956ರಲ್ಲಿ ಬಿಡುಗಡೆಯಾದ ತಳಿ, ಹೆಸರು ಬಂದದ್ದು ಮೇರಿಯನ್ ಕೌಂಟಿಯಿಂದ.

ಹಾಸುವ ಕ್ರಮಕ್ಕೆ ಬರೋಣ. ಒಂದೇ 6 ಅಡಿ ಅಗಲದ ತುಂಡಿಗೆ ತೂತು ಕೊರೆದು ಹಾಸುವುದು ಬೇಗ ಆಗುತ್ತದೆ. ಆದರೆ 3 ಅಡಿಯ ಎರಡು ಪಟ್ಟಿಗಳನ್ನು ಸಾಲಿನ ಎರಡು ಬದಿಯಿಂದ ತಂದು ನಡುವೆ 10 ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಮಡಿಸಿ ಪಿನ್ ಹಾಕುವುದು ಮೇಲು. ಪಂಚೆಯ ಹಾಗೆ ಬೇಕಾದಾಗ ಬಿಚ್ಚಬಹುದು. ಕಾಂಪೋಸ್ಟ್ ಹಾಕಲು, ಡ್ರಿಪ್ ನೋಡಲು, ಇಲಿ ಬಂದಿದೆಯೋ ಎಂದು ಇಣುಕಲು ಇದೊಂದೇ ದಾರಿ. ಮಡಿ ಮಾಡಿ, ಕಲ್ಲು ಹೆಂಟೆ ಆರಿಸಿ, ಮೊದಲ ಕಾಂಪೋಸ್ಟ್ ಬೆರೆಸಿ, ಡ್ರಿಪ್ ಪೈಪ್ ಎಳೆದು, ನೀರು ಬಿಟ್ಟು ಎಲ್ಲ ಡ್ರಿಪ್ಪರ್ ಹನಿಯುತ್ತಿವೆಯೇ ಎಂದು ನೋಡಿದ ಮೇಲೆಯೇ ಮ್ಯಾಟ್. ಆಮೇಲೆ ಕಟ್ಟಿಕೊಂಡ ಡ್ರಿಪ್ಪರ್ ಕಣ್ಣಿಗೆ ಬೀಳುವುದಿಲ್ಲ, ಗಿಡ ಬಾಡಿದಾಗಲೇ ಗೊತ್ತಾಗುವುದು.

ಪಿನ್‌ಗಳು 6 ಇಂಚಿನ ಯು ಆಕಾರದವು ಬೇಕು. ಹೊರ ಅಂಚಿಗೆ 90 ಸೆಂಟಿಮೀಟರಿಗೊಂದು, ನಡುವಿನ ಮಡಿಕೆಗೆ 60 ಸೆಂಟಿಮೀಟರಿಗೊಂದು. 30 ಮೀಟರ್ ಸಾಲಿಗೆ ಸುಮಾರು 125 ಪಿನ್ ಹಿಡಿಯುತ್ತದೆ. ಪೂರ್ವದ ಗಾಳಿ ಜೋರಾಗಿ ಬೀಸುವ ಕಡೆ ಅಂಚನ್ನು 10 ಸೆಂಟಿಮೀಟರ್ ಆಳದ ಗೀರಿನಲ್ಲಿ ಹೂತುಬಿಡಿ. ಒಂದು ಮೂಲೆ ಎದ್ದರೆ ಗಾಳಿ ಇಡೀ ಪಟ್ಟಿಯನ್ನು ಹಾಯಿಯಂತೆ ಎತ್ತಿ ಹೊಸ ಕಡ್ಡಿಗಳನ್ನೆಲ್ಲ ಮುರಿಯುತ್ತದೆ.

ತೂತನ್ನು ಚಾಕುವಿನಲ್ಲಿ ಕೊಯ್ಯಬೇಡಿ. ಕೊಯ್ದ ಅಂಚಿನಿಂದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಹುಲ್ಲು ಕತ್ತರಿಸುವ ಯಂತ್ರದ ತಲೆಗೆ ಸುತ್ತಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಬಿಚ್ಚಿದ ಎಳೆಯು ಕಡ್ಡಿಯ ಬುಡಕ್ಕೆ ಉರುಳಾಗಿ ಬಿದ್ದು, ಕಡ್ಡಿ ದಪ್ಪವಾದಂತೆ ಕೊರೆದು ಕತ್ತು ಹಿಸುಕುತ್ತದೆ. ಬಿಸಿ ಚಾಕು ಅಥವಾ ಸಣ್ಣ ಪ್ರೊಪೇನ್ ಟಾರ್ಚ್ ಬಳಸಿ, ಅಂಚು ಕರಗಿ ಅಂಟಿಕೊಳ್ಳುತ್ತದೆ. ಈ ಕೆಲಸವನ್ನು ಮ್ಯಾಟ್ ಹಾಸುವ ಮುಂಚೆ, ಡ್ರಿಪ್ ಪೈಪಿನಿಂದ ದೂರ, ಗಾಳಿಗೆ ಬೆನ್ನು ಮಾಡಿ ನಿಂತು ಮಾಡಿ. ಹೊಗೆ ಒಳ್ಳೆಯದಲ್ಲ. ಹೊಸ ಗಿಡಕ್ಕೆ 15ರಿಂದ 20 ಸೆಂಟಿಮೀಟರ್ ತೂತು ಸಾಕು. ಬುಡ ದಪ್ಪವಾದಂತೆ ದೊಡ್ಡದು ಮಾಡಬೇಕಾಗುತ್ತದೆ. ಎರಡು ಪಟ್ಟಿಯದ್ದಾದರೆ ಎರಡೂ ಅಂಚಿನಲ್ಲಿ ಅರ್ಧಚಂದ್ರಾಕಾರ ಸುಟ್ಟರಾಯಿತು. ಬಿಸಿಲೇರಿದ ದಿನ ಕಪ್ಪು ಮ್ಯಾಟ್ ಕಾದ ಹಂಚಿನಂತಾಗಿ, ಅಂಚಿಗೆ ಒರಗಿದ ಎಳೆ ಚಿಗುರು ಸುಡುತ್ತದೆ. 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡಿನಲ್ಲಿ 46.7 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಅಂಥ ದಿನಗಳಲ್ಲಿ ತೂತಿನ ಸುತ್ತ ಒಂದು ಹಿಡಿ ಮರದ ಚಕ್ಕೆ ಚಿಗುರನ್ನು ಕಾಪಾಡುತ್ತದೆ. ಚಂದಕ್ಕೆಂದು ಇಡೀ ಮ್ಯಾಟ್ ಮೇಲೆ ಚಕ್ಕೆ ಹರಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಎರಡು ವರ್ಷದಲ್ಲಿ ಅದು ಕೊಳೆತು ಮಣ್ಣಾಗುತ್ತದೆ, ಗಾಳಿಗೆ ಬಂದ ಬೀಜ ಅದರಲ್ಲಿ ಮೊಳೆತು ನೇಯ್ಗೆಯೊಳಗೆ ಬೇರಿಳಿಸುತ್ತದೆ. ಮ್ಯಾಟ್ ಬರಿದಾಗಿರಲಿ, ವರ್ಷಕ್ಕೆರಡು ಸಲ ಪೊರಕೆ ಆಡಿಸಿ.

ಗೊಬ್ಬರದ್ದು ಇದರ ದೊಡ್ಡ ಕೊರತೆ. ಹರಳು ಗೊಬ್ಬರವನ್ನು ಮೇಲೆ ಎರಚಿದರೆ ಬೇರಿಗೆ ಹೋಗುವುದಿಲ್ಲ. ನೀರಿನಲ್ಲಿ ಕರಗುವ ಗೊಬ್ಬರವನ್ನು ಡ್ರಿಪ್‌ನಲ್ಲೇ ಬಿಡಬೇಕು, ಇಲ್ಲವೇ ಮಡಿಕೆ ಬಿಚ್ಚಬೇಕು. ಡ್ರಿಪ್ ಇಲ್ಲದವರು ಮ್ಯಾಟ್ ಕೊಳ್ಳುವ ಮುಂಚೆ ಡ್ರಿಪ್ ಹಾಕಿಸಿ.

ತೂತಿನ ಕಳೆ, ಅಂಚಿನ ಕಳೆ ಉಳಿದೇ ಇರುತ್ತದೆ. ಅದರಲ್ಲೂ ಹಕ್ಕಿಗಳು ಹಿಕ್ಕೆಯಲ್ಲಿ ತಂದು ಹಾಕುವ ಹಿಮಾಲಯನ್ ಬ್ಲ್ಯಾಕ್‌ಬೆರಿ ಸಸಿಯನ್ನು ಗುರುತು ಹಿಡಿಯುವುದು ಕಲಿಯಬೇಕು. ಹೆಸರು ಹಿಮಾಲಯದ್ದು, ಮೂಲ ಅರ್ಮೇನಿಯಾ ಕಡೆಯದ್ದು. ಹೊಸ ತಳಿಗಳನ್ನು ಬೆಳೆಸುತ್ತಿದ್ದ ಲೂಥರ್ ಬರ್ಬ್ಯಾಂಕ್ 1885ರಲ್ಲಿ ಅಮೆರಿಕಕ್ಕೆ ತಂದದ್ದು ಈಗ ಒರೆಗಾನ್‌ನ ಹಳ್ಳದ ದಂಡೆಗಳನ್ನೆಲ್ಲ ಆವರಿಸಿದೆ. ಐದು ಮೂಲೆಯ ದಪ್ಪ ಕಡ್ಡಿ, ಕೊಕ್ಕೆಯಂಥ ಮುಳ್ಳು, ಎಲೆಯ ಅಡಿ ಬೂದುಬಿಳುಪು. ನೆಟ್ಟ ಗಿಡದ ತೂತಿನಲ್ಲೇ ಬೆಳೆದರೆ ನಿಮ್ಮ ತಳಿಯೇ ಎಂದುಕೊಂಡು ತಂತಿಗೆ ಕಟ್ಟಿಬಿಡುತ್ತೀರಿ. ಗೇಣುದ್ದ ಇರುವಾಗಲೇ ಬೇರು ಸಮೇತ ಕೀಳಿ. ತೂತಿನ ಕಳೆಗೆ ಗ್ಲೈಫೊಸೇಟ್ ಕಳೆನಾಶಕ ಸಿಂಪಡಿಸುವ ಯೋಚನೆ ಬಿಡಿ. ಹಸಿರು ಎಳೆ ಕಡ್ಡಿಗೆ ಒಂದು ಹನಿ ತಗುಲಿದರೂ ಅದು ಬುಡಕ್ಕಿಳಿಯುತ್ತದೆ, ಮುಂದಿನ ವಸಂತದ ಚಿಗುರು ನೂಲಿನಂತೆ ಸಣ್ಣಗೆ, ಹಳದಿಯಾಗಿ ಬರುತ್ತದೆ.

ಇಲಿ ಕಾಟವನ್ನು ಹಗುರ ಮಾಡಬೇಡಿ. ಇಲ್ಲಿನ ವೋಲ್ ಎಂಬ ಮೊಂಡುಬಾಲದ ಇಲಿಗೆ ಮ್ಯಾಟ್ ಕೆಳಗೆ ಬೆಚ್ಚನೆ ಜಾಗ, ಗಿಡುಗನ ಭಯವಿಲ್ಲ, ಊಟಕ್ಕೆ ಬುಡದ ಸಿಪ್ಪೆ. ನವೆಂಬರ್‌ನಲ್ಲಿ ಮತ್ತು ಫೆಬ್ರವರಿಯಲ್ಲಿ ಹತ್ತಡಿಗೊಂದು ಕಡೆ ಮಡಿಕೆ ಬಿಚ್ಚಿ ನೋಡಿ. ಎರಡು ಬೆರಳಗಲದ ನುಣುಪಾದ ಓಡಾಟದ ಹಾದಿ, ಕತ್ತರಿಸಿದ ಹುಲ್ಲಿನ ಚೂರು, ಹಸಿರು ಹಿಕ್ಕೆ ಕಂಡರೆ ಆ ಹಾದಿಗೆ ಅಡ್ಡಲಾಗಿ ಬೋನು ಇಡಿ, ಸಾಲುಗಳ ನಡುವಿನ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಆ ಭಾಗದ ಮ್ಯಾಟನ್ನು ಒಂದು ವಾರ ತೆರೆದೇ ಬಿಡಿ.