ಗೇರ್‌ಬಾಕ್ಸ್ ಆಯಿಲ್ ಮನ್ಯಾಗ ಬದಲ್ ಮಾಡಾಕ ಹೋಗಿ ಖಂಬಾಟಕಿ ಘಾಟದಾಗ ಸಿಕ್ಕೊಂಡೆ

ಆಟೋಮ್ಯಾಟಿಕ್ ಗಾಡಿ ಇದ್ದಾವ್ರು, ಅದರಾಗೂ ನನ್ನಂಗ "ಇದರಾಗೇನ್ ಐತಿ, ಮನ್ಯಾಗ ಮಾಡಿದ್ರಾತು" ಅನ್ನೋ ಮಂದಿ, ಒಮ್ಮೆ ಇದನ್ನ ಓದ್ರಿ. ಎಂಜಿನ್ ಆಯಿಲ್ ನಾನ ಬದಲ್ ಮಾಡ್ತೀನಿ, ಬ್ರೇಕ್ ಪ್ಯಾಡೂ ನಾನ ಹಾಕ್ತೀನಿ, ಆ ಸೊಕ್ಕಿನ ಮ್ಯಾಲ ಈ ಸಲ ಗೇರ್‌ಬಾಕ್ಸಿಗೆ ಕೈ ಹಾಕಿದೆ.

ಗಾಡಿ ಸೆಕೆಂಡ್ ಹ್ಯಾಂಡ್, 6 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಜೋರನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಸೋ ಆಟೋಮ್ಯಾಟಿಕ್), 78,000 ಕಿಲೋಮೀಟರ್ ಓಡಿತ್ತು. ಪುಣೇದಾಗ ನಮ್ಮ ಮನಿ ಧನಕವಡಿ ಕಡೆ, ಅಲ್ಲೇ ಎರಡು ಗ್ಯಾರೇಜ್ ಕೇಳಿದೆ. ಒಬ್ಬಾಂವ "ಲೈಫ್‌ಟೈಮ್ ಆಯಿಲ್ ಐತಿ, ಮುಟ್ಟಾಕ ಹೋಗಬ್ಯಾಡ್ರಿ" ಅಂದ, ಇನ್ನೊಬ್ಬಾಂವ 9,500 ಅಂದ. ನಾ ನಾನಾ ಪೇಠಕ್ಕ ಹೋಗಿ, ಗಾಡಿ ಪುಸ್ತಕದಾಗ ಬರದಿದ್ದ ಗ್ರೇಡನ್ನ ಹುಡುಕಿ, ಸೀಲ್ ಇದ್ದ 4 ಲೀಟರ್ ಕ್ಯಾನ್ 3,800ಕ್ಕ ತಂದೆ, ಕೈಪಂಪ್ 450. ಐದು ಸಾವಿರ ಉಳಿಸಿದೆ ಅಂತ ಮನ್ಯಾಗ ಹೇಳಿದ್ದ ಹೇಳಿದ್ದು.

ಸಂಡೆ ಮುಂಜಾನೆ ಸೊಸೈಟಿ ಪಾರ್ಕಿಂಗಿನಾಗ ಮುಂದಿನ ಎರಡು ಗಾಲಿ ಸ್ಟ್ಯಾಂಡ್ ಮ್ಯಾಲ ಇಟ್ಟು ಕೆಳಗ ನುಗ್ಗಿದೆ. ಮೊದ್ಲಿಗೆ ಆಯಿಲ್ ತುಂಬೋ ಮ್ಯಾಲಿನ ಫಿಲ್ ಬೋಲ್ಟ್ ಸಡಲ ಮಾಡಿ ನೋಡಿದೆ, ಅದೊಂದ್ ಪುಣ್ಯ, ಯಾಕಂದ್ರ ಕೆಳಗಿನ ಆಯಿಲ್ ಎಲ್ಲಾ ಬಿಟ್ಟು ಆಮ್ಯಾಲ ಮ್ಯಾಲಿನ ಬೋಲ್ಟ್ ಬರ್ಲಿಲ್ಲಂದ್ರ ಗಾಡಿ ಅಲ್ಲೇ ಕೂಡ್ತೈತಿ. ಕೆಳಗಿನ ಬೋಲ್ಟ್ ತಗದಾಗ ಸುಮಾರು ಒಂದು ಲೀಟರ್ ಬಂದು ನಿಂತ್ ಬಿಡ್ತು, ಅದರೊಳಗ ಒಂದು ಸಣ್ಣ ಪ್ಲಾಸ್ಟಿಕ್ ನಳಿಗಿ ಇರ್ತೈತಿ, ಅದನ್ನ ಬಿಚ್ಚಿದ ಮ್ಯಾಲ ಉಳದದ್ದು ಸುರೀತು. ಕೆಂಪಗ ಇರಬೇಕಾದ ಆಯಿಲ್ ಚಹಾದ ಡಿಕಾಕ್ಷನ್ ಆಗಿತ್ತು. ಲೀಟರಿನ ನೀರಿನ ಬಾಟ್ಲಿಗೆ ಹಾಕಿದೆ, ಮೂರು ಬಾಟ್ಲಿ ತುಂಬಿ ಇನ್ನೂ ಒಂಚೂರು. ಒಳಗ ಕನ್ವರ್ಟರ್‌ನಾಗ ಇರೋದು ಹೆಂಗೂ ಬರಂಗಿಲ್ಲ, ಒಮ್ಮೆ ಡ್ರೇನ್ ಮಾಡಿದ್ರ ಪೂರ್ತಿ ಬದಲ್ ಆಗಂಗಿಲ್ಲ, ಅದು ಗೊತ್ತಿತ್ತು.

ಗೊತ್ತಿಲ್ದಿದ್ದು ಮುಂದಿಂದು. ಆ ನಳಿಗಿ ವಾಪಸ್ ಹಾಕಿದ್ರ ಅದ ಲೆವಲ್ ತೋರಸ್ತೈತಿ, ಹೊಸಾ ಆಯಿಲ್ ನಳಿಗಿ ಮ್ಯಾಲಿಂದ ಹನೀಲಿಕ್ಕೆ ಹತ್ತಿದ್ರ ತುಂಬೇತಿ ಅಂತ ಅರ್ಥ. ನಾ ಎಂಜಿನ್ ಬಂದ್ ಇಟ್ಟ ಪಂಪ್ ಹೊಡದೆ, ಎರಡು ಲೀಟರಿಗೆ ಹನೀತು, ಬೋಲ್ಟ್ ಬಿಗದೆ, ಕೈ ತೊಳಕೊಂಡೆ.

ಎಂಜಿನ್ ಬಂದ್ ಇದ್ದಾಗ ಆಯಿಲ್ ಎಲ್ಲಾ ಕೆಳಗ ಪ್ಯಾನಿಗೆ ಇಳದ್ ಕೂತಿರ್ತೈತಿ, ಅದಕ್ಕ ಜಲ್ದಿ ಹನೀತೈತಿ. ಚಾಲೂ ಮಾಡಿದ ಕೂಡ್ಲೆ ಗೇರ್‌ಬಾಕ್ಸ್ ಒಳಗಿನ ಪಂಪ್ ಅದನ್ನ ಕನ್ವರ್ಟರ್, ಕೂಲರ್, ವಾಲ್ವ್ ಬಾಡಿಗೆ ಎಳಕೊಳ್ತೈತಿ, ಪ್ಯಾನಿನ ಲೆವಲ್ ಧಪ್ಪಂತ ಇಳೀತೈತಿ. ಲೆವಲ್ ನೋಡೋದು ಎಂಜಿನ್ ಚಾಲೂ ಇಟ್ಟು, ಎಲ್ಲಾ ಗೇರಿಗೂ ಒಮ್ಮೆ ಹಾಕಿ ತಗದು, ಗಾಡಿ ಕಂಪನಿ ಹೇಳಿದಷ್ಟು ಆಯಿಲ್ ಬಿಸಿ ಆದಾಗ. ಎಷ್ಟು ಡಿಗ್ರಿ ಅನ್ನೋದು ಒಂದೊಂದು ಗಾಡಿಗೆ ಒಂದೊಂದು, ಸ್ಕ್ಯಾನರ್ ಹಚ್ಚಿ ನೋಡಬೇಕು. ಗಾಡಿ ನಾಲ್ಕೂ ಗಾಲಿ ಸಪಾಟ ಇರಬೇಕು. ನಂದು ಮೂತಿ ಮ್ಯಾಲ ಮಾಡ್ಕೊಂಡು ನಿಂತಿತ್ತು!

ಊರಾಗ ಎರಡು ವಾರ ಛಲೋನ ಓಡ್ತು, ಮುಂಜಾನೆ ಡಿ ಹಾಕಿದ್ರ ಒಂದ್ ಕ್ಷಣ ತಡಾ ಮಾಡ್ತಿತ್ತು ಅಷ್ಟ. ದಸರಾಕ್ಕ ಧಾರವಾಡಕ್ಕ ಹೊಂಟಿವಿ, ಅವ್ವ, ಹೆಂಡ್ತಿ, ಸಣ್ಣಾಂವ, ಡಿಕ್ಕಿ ತುಂಬ ಸಾಮಾನು. ಪುಣೆ-ಸಾತಾರಾ ನಡುವಿನ ಖಂಬಾಟಕಿ ಘಾಟ ಅರ್ಧಾ ಏರಿದ್ವಿ, ಆಕ್ಸಿಲರೇಟರ್ ಒತ್ತಿದ್ರ ಆರ್‌ಪಿಎಂ 4,000ಕ್ಕ ಹೋಗ್ತೈತಿ, ಗಾಡಿ ಮಾತ್ರ ಎತ್ತಿನ ಗಾಡಿ ಹಂಗ ತೆವಳ್ತೈತಿ, ಹಿಂದ ಲಾರಿ ಹಾರ್ನ್. ಸುಟ್ಟ ವಾಸನಿ ಬಂತು. ಕಡೀಕ ನಿಂತೇ ಬಿಡ್ತು. ಏರಿನಾಗ ಇದ್ದ ಸ್ವಲ್ಪ ಆಯಿಲ್ಲೂ ಹಿಂದ ಸರದು ಪಂಪ್ ಗಾಳಿ ಎಳದೈತಿ, ಪ್ರೆಷರ್ ಇಲ್ದ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರಿ ಕಾದಾವ.

ಟೋಯಿಂಗ್ 6,000. ಗ್ಯಾರೇಜಿನ ಹಿರಿ ಮೇಸ್ತ್ರಿ ಕೇಳಿದ್ದು ಒಂದ ಪ್ರಶ್ನೆ, "ಗಾಡಿ ಚಾಲೂ ಠೇವೂನ್ ಲೆವಲ್ ಬಘಿತಲೀ ಕಾ?" ಅಂದ್ರ ಗಾಡಿ ಚಾಲೂ ಇಟ್ಟು ಲೆವಲ್ ನೋಡಿದ್ಯೇನು ಅಂತ. ನಾ ಸುಮ್ನ ನಿಂತೆ. ಲಿಫ್ಟ್ ಮ್ಯಾಲ ಏರಿಸಿ ಚಾಲೂ ಇಟ್ಟು ನೋಡಿದ್ರ ಒಂದು ಲೀಟರಿಗಿಂತ ಜಾಸ್ತಿ ಆಯಿಲ್ ಕಮ್ಮಿ ಇತ್ತು. ಸುಟ್ಟ ಆಯಿಲ್ ತಗದು, ಫಿಲ್ಟರ್ ಸುದ್ದಾ ಹಾಕಿ, ವಾರ ಬಿಟ್ಟು ಇನ್ನೊಮ್ಮೆ ಬದಲ್ ಮಾಡಿ 17,000. ಈಗೂ 2ರಿಂದ 3ಕ್ಕ ಹೋಗೂಮುಂದ ಒಂದ್ ಜರ್ಕ್ ಐತಿ, ಅದು ಹೋಗಂಗಿಲ್ಲ ಅಂದಾನ.

ಗ್ಯಾರೇಜಿಗೆ ಕೊಟ್ರ ಎಲ್ಲಾ ಸರಿ ಅಂತಲ್ಲ ಮತ್ತ. ಒಂದ್ ಕಡೆ ಓಪನ್ ಡ್ರಮ್ಮಿಂದ ಕೆಂಪ ಆಯಿಲ್ ಹಾಕಾಕ ರೆಡಿ ಇದ್ರು. ಸಿವಿಟಿ (ಗೇರಿನ ಬದಲಿ ಬೆಲ್ಟ್ ಮ್ಯಾಲ ನಡಿಯೋ ಆಟೋಮ್ಯಾಟಿಕ್) ಇದ್ದ ಗಾಡಿಗೆ ಅದನ್ನ ಹಾಕಿದ್ರ ಮುಗೀತು, ಅದರ ಆಯಿಲ್ ಬ್ಯಾರೇನ. ಸೀಲ್ ಕ್ಯಾನ್ ನೀವ ಒಯ್ರಿ, ಲಿಫ್ಟ್ ಮತ್ತ ಸ್ಕ್ಯಾನರ್ ಐತೇನು ಕೇಳ್ರಿ, ಲೆವಲ್ ನೋಡೂಮುಂದ ಬಾಜೂಕ ನಿಂದರ್ರಿ. ಮನ್ಯಾಗ ಮಾಡ್ತೀನಿ ಅನ್ನಾವ್ರು ಎಷ್ಟ ಹೊರಗ ಬಂತು, ಎಷ್ಟ ಒಳಗ ಹೋತು, ಅಷ್ಟರೆ ಅಳೀರಿ.

ಉಳದ ಎರಡು ಲೀಟರ್ ಮುಂದಿನ ಸಲಕ್ಕ ಆಗ್ತೈತಿ ಅಂತ ಗ್ಯಾಲರಿಯಾಗ ತುಳಸಿ ಕುಂಡದ ಹಿಂದ ಇಟ್ಟಿದ್ದೆ. ಅವತ್ತ ಹೆಂಡ್ತಿ ನೋಡಿ ಕೇಳಿದ್ಲು, "ಹಳೇದು ಮೂರು ಬಾಟ್ಲಿ ಬಂತು, ಹೊಸಾದು ಎರಡ ಹೋತಲ್ಲ?" ನಿನಗ ತಿಳಿಯಂಗಿಲ್ಲ ಬಿಡು ಅಂದಿದ್ದೆ.